ಮೆಂಬರ್ ಸಾಬಮ್ಮನ ಬಾಳೆಹಣ್ಣು

ದೊಡ್ಡ ಮನುಷ್ಯರು ಉಪವಾಸ ಮಾಡುವುದನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಬಾಳೆಹಣ್ಣು ಕೂಡ ನಡೆಯದ ಉಪವಾಸವನ್ನು ನೋಡಿದ್ದು ಒಂದೇ ಸಲ, ಕಮಲಾಪುರದ ಸಂತೆಯಲ್ಲಿ, ಸಾಬಮ್ಮನ ಬುಟ್ಟಿಯ ಮುಂದೆ.

ಸಾಬಮ್ಮ ಕಮಲಾಪುರದ ಸೊಸೆ. ಗಂಡ ಸತ್ತ ವರ್ಷವೇ ಮೈಮೇಲೆ ಮಚ್ಚೆ ಎದ್ದವು, ಎಡಗೈಯ ಬೆರಳು ಸೊಟ್ಟಗಾದವು. ಊರವರು ಕುಷ್ಠ ಎನ್ನದೆ ದೊಡ್ಡರೋಗ ಎಂದರು. ಮೈದುನ ಮಾಪಣ್ಣ ಬಂಡಿ ಕಟ್ಟಿ ಆಕೆಯನ್ನು ಕಲಬುರ್ಗಿಗೆ ತಂದು, ರೋಜಾ ಬಡಾವಣೆಯ ದರ್ಗಾದಾಚೆ ರೋಗಿಗಳ ಗುಡಿಸಲುಗಳ ಸಾಲಿನಲ್ಲಿ ಇಳಿಸಿ, ಹಿಂದೆ ನೋಡದೆ ಹೋದ. ೧೯೪೮ರಲ್ಲಿ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆದಾಗ ಆಕೆ ಅಲ್ಲೇ ಇದ್ದಳು. ಮೊದಲು ನಿಜಾಮರ ಕಡೆಯ ರಜಾಕಾರರ ಹಾವಳಿ, ಅದು ಮುಗಿಯಿತು ಅನ್ನುವಷ್ಟರಲ್ಲಿ ಸೇಡು ತೀರಿಸಿಕೊಳ್ಳುವವರ ಹಾವಳಿ. ಈ ಇಬ್ಬರೂ ಕಾಲಿಡದ ಜಾಗ ಆ ಗುಡಿಸಲುಗಳು ಮಾತ್ರ. ದರ್ಗಾದ ಮುಂದೆ ಹೂ ಮಾರುವ ಲತೀಫಾ ಆಗ ಸಾಬಮ್ಮನ ಗುಡಿಸಲಲ್ಲಿ ಅಡಗಿ, ಅವಳ ತಟ್ಟೆಯಲ್ಲೇ ಉಂಡು ಜೀವ ಉಳಿಸಿಕೊಂಡಳು.

“ಕತ್ತಿ ಹಿಡಕೊಂಡು ಬಂದವ್ರು ನನ್ನ ಕೈ ನೋಡಿ ಓಡಿ ಹೋದ್ರು ನೋಡ್ರಿ ಮುನ್ಶಿ ಸಾಹೇಬ್ರ,” ಎಂದು ಸಾಬಮ್ಮ, ಮುಂದೆ ಮುನ್ಶಿಯಾಗಿ ಪರಿಚಯವಾದ ನನಗೆ, ಹೇಳಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಮುಂದೆ ಹೊಸ ಮಾತ್ರೆಗಳು ಬಂದವು. ಸಾಬಮ್ಮ ಒಂದು ದಿನವೂ ತಪ್ಪಿಸದೆ ನುಂಗಿದಳು. ರೋಗ ಹೋಯಿತು, ಬೆರಳು ಮಾತ್ರ ಹಾಗೇ ಉಳಿದವು. ಕಮಲಾಪುರಕ್ಕೆ ಮರಳಿ, ಗಂಡನ ಪಾಲಿನ ತೋಟ ಕೇಳಿ ಪಡೆದು ಕೆಂಪು ಬಾಳೆ ಹಚ್ಚಿದಳು. ಗೊನೆಗಳು ಬಂದವು, ಹಣ್ಣಾದವು. ಆದರೆ ಸಂತೆಯಲ್ಲಿ ಅವಳ ಬುಟ್ಟಿಯ ಹತ್ತಿರ ಬಂದವರು ಬೆರಳು ನೋಡಿ ಮುಂದೆ ನಡೆಯುತ್ತಿದ್ದರು. ಸಂಜೆಗೆ ಬುಟ್ಟಿ ಹೊತ್ತು ತಂದ ಹಾಗೇ ಮನೆಗೆ ಹೋಗುತ್ತಿತ್ತು.

“ನನ್ನ ಬುಟ್ಟ್ಯಾಗ ಹಾಕ್ರಿ ವೈನಿ. ಯಾರ ಹಣ್ಣು ಅಂತ ಯಾರಿಗೆ ಗೊತ್ತಾಗ್ತದ?” ಎಂದ ಮಾಪಣ್ಣ.

“ಇದೇನ್ ಕಳವಿನ ಮಾಲ ಏನೋ ಮಾಪಣ್ಣ? ನನ್ನ ಹಣ್ಣು ನನ್ನ ಬುಟ್ಟ್ಯಾಗೇ ಮಾರ್ಬೇಕು.”

ಆಕೆಗೆ ಬೇಕಾಗಿದ್ದುದು ಇಷ್ಟೇ. ಇಷ್ಟನ್ನು ಕೊಡಲು ಒಂದು ಅಖಿಲ ಭಾರತ ಸಂಸ್ಥೆಗೂ ಆಗಲಿಲ್ಲ.

೧೯೫೪ರಲ್ಲಿ ಕಲಬುರ್ಗಿಯಲ್ಲಿ ‘ಅಖಿಲ ಭಾರತ ರೋಗಿ ಸೇವಾ ಸಮಾಜ’ದ ಶಾಖೆ ತೆರೆಯಿತು. ಅಧ್ಯಕ್ಷರು ತೊಗರಿ ವ್ಯಾಪಾರದ ಸಾಹುಕಾರ ಅಣವೀರಪ್ಪ. ನಿಜಾಮರ ಕಾಲದಲ್ಲಿ ಈತನ ತಲೆಯ ಮೇಲೆ ರೂಮಿ ಟೋಪಿ ಇತ್ತು. ಪೊಲೀಸ್ ಆಕ್ಷನ್ ಆಗಿ ವಾರ ಕಳೆಯುವುದರೊಳಗೆ ಗಾಂಧಿ ಟೋಪಿ ಬಂತು. ತಲೆ ಮಾತ್ರ ಅದೇ. ಉರ್ದು ಕಚೇರಿ ಮುಚ್ಚಿದ್ದರಿಂದ ಕೆಲಸವಿಲ್ಲದೆ ಮನೆಯಲ್ಲಿ ಕುಳಿತಿದ್ದ ನನ್ನನ್ನು, ಉರ್ದು ಕನ್ನಡ ಎರಡೂ ಬಲ್ಲವನೆಂದು ಸಮಾಜಕ್ಕೆ ಠರಾವು ಬರೆಯುವ ಮುನ್ಶಿಯಾಗಿ ಇಟ್ಟುಕೊಂಡ.

ಪ್ರತಿ ಶಾಖೆಯ ಮಂಡಳಿಯಲ್ಲಿ ರೋಗ ವಾಸಿಯಾದವರೊಬ್ಬರು ಮೆಂಬರ್ ಆಗಿರಲೇಬೇಕು, ಮುಖ್ಯ ಠರಾವುಗಳಿಗೆ ಅವರ ಒಪ್ಪಿಗೆ ಬೇಕೇ ಬೇಕು ಎಂಬುದು ದಿಲ್ಲಿಯವರ ಕಾನೂನು. ಹೀಗೆ ಸಾಬಮ್ಮನನ್ನು ಹುಡುಕಿ ಕರೆಸಿದರು. ಆಕೆ ಸೆರಗು ಸರಿಪಡಿಸಿಕೊಂಡು ನೇರವಾಗಿ ಕೇಳಿದಳು:

“ಮೆಂಬರ್ ಆಗ್ತೀನ್ರಿ ಸಾಹುಕಾರ್ರ. ಆದ್ರ ನೀವು ನಮ್ಮೂರ ಸಂತಿಗಿ ಬಂದು, ನಾಕು ಮಂದಿ ಮುಂದ ನನ್ನ ಹಣ್ಣು ತಿನ್ಬೇಕು. ನೀವು ತಿಂದ್ರ ಊರು ತಿಂತದ.”

“ಮಂಜೂರ್!” ಎಂದು ಅಣವೀರಪ್ಪ ಮೇಜು ಗುದ್ದಿದ. “ನೀನೂ ಇದೊಂದು ಮಾತು ಕಲ್ತಕೋ ಸಾಬವ್ವ. ಮೀಟಿಂಗಿನ್ಯಾಗ ನಾ ನಿನ್ನ ಕಡಿ ನೋಡ್ತೀನಿ, ನೀ ಮಂಜೂರ್ ಅನ್ನು. ಸಾಕು.”

ಆ ಮಂಡಳಿಯ ಸಭೆಗಳನ್ನು ಏನೆಂದು ಹೇಳಲಿ. ರೋಗಿಗಳ ಸೇವೆಗೆ ಕಟ್ಟಿದ ಸಂಸ್ಥೆಯಲ್ಲಿ ರೋಗ ಬಿಟ್ಟುಹೋದ ಒಬ್ಬ ಹೆಂಗಸಿಗೆ ಬಾಗಿಲ ಬಳಿ ಬೇರೆ ಕುರ್ಚಿ. ಆಕೆ ಎದ್ದು ಹೋದಮೇಲೆ ಅದಕ್ಕೆ ಫಿನಾಯಿಲು. ಎಲ್ಲರಿಗೂ ಪಿಂಗಾಣಿಯ ಕಪ್ಪು ಬಸಿಯಲ್ಲಿ ಚಹಾ, ಆಕೆಗೆ ಮಣ್ಣಿನ ಕುಡಿಕೆ. ಹೆಬ್ಬೆಟ್ಟು ಒತ್ತಲು ಆಕೆಗೆಂದೇ ಬೇರೆ ಮಸಿಯ ಡಬ್ಬಿ ತರಿಸಿದ್ದರು. ಇದನ್ನೆಲ್ಲ ಮಾಡಿಸುತ್ತಿದ್ದವರು ‘ಈ ರೋಗ ಮುಟ್ಟಿದರೆ ಬರುವುದಿಲ್ಲ’ ಎಂದು ಊರ ಗೋಡೆಗಳಿಗೆಲ್ಲ ಕಾಗದ ಅಂಟಿಸುತ್ತಿದ್ದ ಮಹಾಶಯರೇ. ಥೂ!

ಸಾಬಮ್ಮ ಪ್ರತಿ ಸಭೆಗೂ ಒಂದು ಚಿಪ್ಪು ಕೆಂಪು ಬಾಳೆ ತರುತ್ತಿದ್ದಳು. “ಆಹಾ, ಕಮಲಾಪುರದ ಬಾಳಿ ಅಂದ್ರ ಬಾಳಿ!” ಎಂದು ಎಲ್ಲರೂ ಹೊಗಳುವರು. ಸಭೆ ಮುಗಿದೊಡನೆ ಅಣವೀರಪ್ಪ ಜವಾನ ಸಿಕಂದರನಿಗೆ, “ರೋಗಿಗಳಿಗೆ ಹಂಚಿ ಬಾ,” ಎನ್ನುವನು. ಸಿಕಂದರ್ ನಾಲ್ಕು ತಾನು ತಿಂದು, ಎರಡು ನನಗೆ ಕೊಟ್ಟು, ಉಳಿದದ್ದನ್ನು ಹಂಚುತ್ತಿದ್ದ. ನಾವು ತಿಂದದ್ದು ಧೈರ್ಯದಿಂದಲ್ಲ, ಹಸಿವಿನಿಂದ. ಹಣ್ಣು ಮಾತ್ರ ಬೆಣ್ಣೆಯಂತಿತ್ತು.

ಸಾಬಮ್ಮ ಕಾಯುತ್ತಿದ್ದಳು. ಗೋಡೆ ಗಡಿಯಾರಕ್ಕೆ ಮಂಜೂರ್ ಅಂದಳು, ಅತಿಥಿಗಳ ಊಟಕ್ಕೆ ಮಂಜೂರ್ ಅಂದಳು, ಅಧ್ಯಕ್ಷರ ಜೀಪಿನ ರಿಪೇರಿಗೂ ಮಂಜೂರ್ ಅಂದಳು. ಹೊರಡುವಾಗ ಮಾತ್ರ ಕೇಳುತ್ತಿದ್ದಳು, “ಸಂತಿಗಿ ಯಾವಾಗ ಬರ್ತೀರ್ರಿ?”

ಕೊನೆಗೆ ಶ್ರಾವಣದಲ್ಲಿ ದಿಲ್ಲಿಯಿಂದ ಒಬ್ಬ ಅಧಿಕಾರಿ ಬಂದ. ಅವನಿಗೆ ತೋರಿಸಲು ಒಂದು ಫೋಟೋ ಆದರೂ ಬೇಕಲ್ಲ! ಅಣವೀರಪ್ಪನಿಗೆ ಕಮಲಾಪುರ ನೆನಪಾಯಿತು. ಸಂತೆಯ ದಿನ ಅಧಿಕಾರಿಯನ್ನು ಬಂಗಲೆಯಲ್ಲೇ ಬಿಟ್ಟು ಜೀಪು ಹೋಯಿತು, ಫೋಟೋ ತೆಗೆಯುವವನೂ ಹೋದ, ಮಂಡಳಿಯ ಡಾಕ್ಟರೂ ಸಿಕಂದರನೂ ನಾನೂ ಹಿಂದಿನ ಸೀಟಿನಲ್ಲಿ. ಸಾಬಮ್ಮ ಹೊಸ ಇಳಕಲ್ ಸೀರೆ ಉಟ್ಟು ಬುಟ್ಟಿಯ ಮುಂದೆ ಕುಳಿತಿದ್ದಳು. ಅವಳ ಮುಖ ನೋಡಿ ನನಗೇ ಹೆದರಿಕೆಯಾಯಿತು, ಅಷ್ಟು ನಂಬಿಕೆ ಇತ್ತು ಅದರಲ್ಲಿ. ಸಂತೆಗೆ ಸಂತೆಯೇ ಸುತ್ತ ನೆರೆಯಿತು.

ಅಣವೀರಪ್ಪ ಹಣ್ಣು ಎತ್ತಿಕೊಂಡ. ಅರ್ಧ ಸಿಪ್ಪೆ ಸುಲಿದ. ಬಾಯಿಯ ಹತ್ತಿರ ತಂದು ನಕ್ಕ. ಫೋಟೋದವನು ಚಕ್ ಎನ್ನಿಸಿದ. ಕೂಡಲೇ ಕೈ ಕೆಳಗಿಳಿಯಿತು.

“ತಿನ್ರಿ ಸಾಹುಕಾರ್ರ,” ಎಂದಳು ಸಾಬಮ್ಮ.

“ತಿಂತಿದ್ದೆ ಸಾಬವ್ವ. ಆದ್ರ ಶ್ರಾವಣ ನೋಡು, ಉಪವಾಸ ಅದೀನಿ.”

ಪಕ್ಕದಲ್ಲಿ ಬದನೆಕಾಯಿ ಹಾಕಿಕೊಂಡು ಕುಳಿತಿದ್ದ ಶಿವಕಾಂತಮ್ಮ ಗಟ್ಟಿಯಾಗಿ ಕೇಳಿದಳು: “ಯವ್ವಾ! ಉಪವಾಸಕ್ಕ ಬಾಳೆಹಣ್ಣು ನಡೆಂಗಿಲ್ಲಂದ್ರ ಮತ್ತೇನ್ ನಡೀತದ್ರೀ? ರೊಟ್ಟಿ ಝುಣಕ ಏನು?”

ಸಂತೆ ನಕ್ಕಿತು. ಅಣವೀರಪ್ಪ ಸುಲಿದ ಹಣ್ಣನ್ನು ಸಿಕಂದರನ ಕೈಗೆ ತುರುಕಿ, ಕರ್ಚೀಫಿನಿಂದ ಕೈ ಒರೆಸಿಕೊಂಡ. ಆ ಕರ್ಚೀಫನ್ನು ಕಿಸೆಗೆ ಹಾಕಿಕೊಳ್ಳಲಿಲ್ಲ, ಅಲ್ಲೇ ಎಸೆದು ಜೀಪು ಹತ್ತಿದ. ಅದನ್ನು ಕಂಡು ಸಂತೆಯ ನಗು ನಿಂತುಹೋಯಿತು. ಸಾಹುಕಾರನೇ ಕೈ ಒರೆಸಿ ಬಟ್ಟೆ ಎಸೆದಮೇಲೆ ಉಳಿದವರು ಏನು ತಿಳಿಯಬೇಕು? ಹತ್ತಿರ ಬಂದಿದ್ದವರೂ ಹಿಂದೆ ಸರಿದರು. ಸಾಬಮ್ಮ ಆ ಕರ್ಚೀಫನ್ನೇ ನೋಡುತ್ತ ಕುಳಿತಿದ್ದಳು.

ಮುಂದಿನ ಸಭೆಯ ಠರಾವು ಇದು: ರೋಗಿಗಳ ಬಗ್ಗೆ ಜನರಿಗಿದ್ದ ಹೇಸಿಗೆಯನ್ನು ಹೋಗಲಾಡಿಸಿದ ಅಣವೀರಪ್ಪನವರನ್ನು ದಿಲ್ಲಿಯ ಕೇಂದ್ರ ಮಂಡಳಿಗೆ ಆರಿಸಿ ಕಳಿಸಬೇಕು. ಓದುವಾಗ ನನ್ನ ನಾಲಿಗೆಯೇ ನನಗೆ ಅಸಹ್ಯವಾಯಿತು. ಎಲ್ಲರೂ ಮಂಜೂರ್ ಎಂದರು. ಅಧ್ಯಕ್ಷ ಬಾಗಿಲ ಕಡೆ ನೋಡಿದ.

ಸಾಬಮ್ಮ ಎದ್ದು ಬಂದು, ಮೇಜಿನ ಮೇಲೆ ಅವನ ಮುಂದೆ ಒಂದು ಬಾಳೆಹಣ್ಣು ಇಟ್ಟಳು.

“ಶ್ರಾವಣ ಮುಗೀತಲ್ರಿ ಸಾಹುಕಾರ್ರ?”

“ಹೂಂ, ಮುಗೀತು.”

“ತಿನ್ರಿ ಹಂಗಾರ.”

ಅವನು ನಗಲು ನೋಡಿದ, ಡಾಕ್ಟರ ಮುಖ ನೋಡಿದ, ಗಡಿಯಾರ ನೋಡಿದ. ಹಣ್ಣನ್ನು ಮಾತ್ರ ಮುಟ್ಟಲಿಲ್ಲ.

“ನಾಮಂಜೂರ್,” ಎಂದಳು ಸಾಬಮ್ಮ.

ಆಮೇಲಿನದನ್ನು ಬರೆಯಲು ಕೈ ಬರುವುದಿಲ್ಲ. ಆಕೆಗೆ ವಾಸಿಯಾಗಿದೆ ಎಂದು ತಾನೇ ಸಹಿ ಮಾಡಿಕೊಟ್ಟಿದ್ದ ಡಾಕ್ಟರ್, ಕುಳಿತಲ್ಲಿಂದಲೇ, ಆಕೆಯ ಕೈಯನ್ನೂ ಹಿಡಿದು ನೋಡದೆ, “ನನಗ್ಯಾಕೋ ರೋಗ ಮತ್ತ ತಿರುಗಿದಂಗ ಕಾಣ್ತದ,” ಎಂದ. ರೋಗಿಯಾದವಳು ಮೆಂಬರ್ ಆಗಿರುವಂತಿಲ್ಲ. ಮೆಂಬರ್ ಅಲ್ಲದವಳ ನಾಮಂಜೂರು ಲೆಕ್ಕಕ್ಕಿಲ್ಲ. ಅವಳ ಜಾಗಕ್ಕೆ ತಲೆಯಾಡಿಸುವ ಇನ್ನೊಬ್ಬನನ್ನು ಅದೇ ವಾರ ಹಿಡಿದು ತಂದರು. ಅಣವೀರಪ್ಪ ದಿಲ್ಲಿಗೆ ಹೋದ.

“ನನಗ ರೋಗ ಇಲ್ರಿ,” ಎಂದು ಅವತ್ತು ಸಭೆಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು ಸಾಬಮ್ಮ ಹೇಳಿದಳು. “ನಿಮಗದ.” ಇಷ್ಟು ಹೇಳಿ ರೋಜಾದ ಕಡೆ ನಡೆದಳು. ಆ ಹೊತ್ತು ಲತೀಫಾಳ ಹೂವಿನ ಅಂಗಡಿಯಲ್ಲಿ ಇಬ್ಬರೂ ಕುಳಿತು ಚಿಪ್ಪಿನಲ್ಲಿ ಉಳಿದ ಹಣ್ಣೆಲ್ಲ ತಿಂದರಂತೆ. ನಾನು ಆ ತಿಂಗಳೇ ನೌಕರಿ ಬಿಟ್ಟೆ. ಶೌರ್ಯವೇನಲ್ಲ, ಆ ಫಿನಾಯಿಲಿನ ವಾಸನೆ ತಾಳಲಾಗಲಿಲ್ಲ.

ಡಾಕ್ಟರ ಮಾತು ಕಮಲಾಪುರಕ್ಕೂ ಮುಟ್ಟಿತ್ತು. ಆದರೆ ಸಾಬಮ್ಮ ಸಂತೆ ತಪ್ಪಿಸಲಿಲ್ಲ. ಶಿವರಾತ್ರಿಯ ಸಂತೆಯಲ್ಲಿ ಶಿವಕಾಂತಮ್ಮ ತನ್ನ ಬದನೆಕಾಯಿ ಬಿಟ್ಟು ಎದ್ದು ಬಂದು, ಎಲ್ಲರಿಗೂ ಕೇಳಿಸುವಂತೆ, “ಸಾಬವ್ವ, ನನಗ ಖರೇನೇ ಉಪವಾಸ ಅದ, ಎರಡು ಹಣ್ಣು ಕೊಡು,” ಎಂದು ತಗೊಂಡು ಅಲ್ಲೇ ನಿಂತು ತಿಂದಳಂತೆ. ಅವತ್ತು ಬುಟ್ಟಿ ಮೊದಲ ಸಲ ಅರ್ಧ ಖಾಲಿಯಾಗಿ ಮನೆಗೆ ಹೋಯಿತು.

ಎರಡು ವರ್ಷದ ಮೇಲೆ, ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರಿದ ಚಳಿಗಾಲದಲ್ಲಿ, ಕಮಲಾಪುರಕ್ಕೆ ಹೋಗಿದ್ದೆ. ಬಸ್ಸು ನಿಲ್ಲುವಲ್ಲಿನ ಚಹಾದ ಅಂಗಡಿಯಲ್ಲಿ ಸಮಾಜದ ಕ್ಯಾಲೆಂಡರ್ ತೂಗಾಡುತ್ತಿತ್ತು. ಅದರ ಮೇಲೆ ಅಣವೀರಪ್ಪ, ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು, ಕೆಳಗೆ ‘ರೋಗಿಗಳ ಜೊತೆ ಉಂಡ ಮಹನೀಯರು’ ಎಂಬ ಅಕ್ಷರ. ಸಾಬಮ್ಮ ಖಾಲಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಚಹಾ ಕುಡಿಯಲು ಬಂದಳು. ಅಂಗಡಿಯವನು ಎಲ್ಲರ ಹಾಗೆ ಆಕೆಗೂ ಕಪ್ಪು ಬಸಿ ಕೊಟ್ಟ. ಆಕೆ ಕ್ಯಾಲೆಂಡರಿನ ಕಡೆ ಮುಖ ಎತ್ತಿ, ಹಣ್ಣಿಗೂ ಬಾಯಿಗೂ ನಡುವೆ ಇದ್ದ ಆ ಎರಡು ಬೆರಳಿನ ಜಾಗವನ್ನು ನೋಡಿದಳು.

“ಮುನ್ಶಿ ಸಾಹೇಬ್ರ,” ಎಂದಳು, “ಇನ್ನಾ ಉಪವಾಸನೇ ಅದಾನೇನ್ರಿ?”