ಬಾಲದ ಮೇಲೆ ಎರಡು ಗೆರೆ

ನನ್ನ ಅತ್ತಿಗೆ, ಎಂದರೆ ಗಂಡನ ಅಕ್ಕ, ಇಪ್ಪತ್ತಾರು ವರ್ಷ ಇಲಿ ಸಾಕಿದವರು. ಮನೆಯಲ್ಲಲ್ಲ, ಔಷಧ ಸಂಶೋಧನೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ಪಂಜರ ತೊಳೆಯುವುದು, ನೀರಿನ ಸೀಸೆ ತುಂಬುವುದು, ಬಸುರಿ ಇಲಿಗಳನ್ನು ದಿನಾ ತೂಗುವುದು ಅವರ ಕೆಲಸವಾಗಿತ್ತು. ಬೀದಿಯವರು ಇಲಿಯಕ್ಕ ಅನ್ನುತ್ತಾರೆ. "ಸದ್ಯ, ಹುಲಿಯಕ್ಕ ಆಗಿದ್ರೆ ಯಾರೂ ಬಾಡಿಗೆಗೆ ಮನೆ ಕೊಡ್ತಿರಲಿಲ್ಲ" ಎಂದು ಅವರೇ ನಗುತ್ತಾರೆ. ನಮ್ಮ ಜೊತೆಗೇ ಇದ್ದಾರೆ. ಸಂಜೆ ಬಂದು ಸ್ನಾನ ಮಾಡುವ ತನಕ ನನ್ನ ಮಗಳನ್ನು ಮುಟ್ಟುವುದಿಲ್ಲ.

ಎರಡನೇ ಬಸಿರಿನ ಏಳನೇ ವಾರದಲ್ಲಿ ನನಗೆ ರಕ್ತದ ಕಲೆ ಕಂಡಿತು. ಡಾಕ್ಟರು ಪ್ರೊಜೆಸ್ಟರಾನ್ ಮಾತ್ರೆ ಬರೆದರು. ಬಸಿರನ್ನು ಹಿಡಿದಿಡುವ ಹಾರ್ಮೋನು ಅದು, ನನ್ನಲ್ಲಿ ಕಡಿಮೆ ಇರಬಹುದು, ಎರಡು ವಾರ ಬಿಟ್ಟು ಸ್ಕ್ಯಾನ್ ಮಾಡೋಣ ಎಂದರು. ನಾನು ಮಾತ್ರೆಯ ಡಬ್ಬಿಯ ಒಳಗಿನ ಚೀಟಿಯನ್ನು ಬಾಯಿಪಾಠ ಆಗುವಷ್ಟು ಸಲ ಓದಿದೆ. ಆಮೇಲೆ ಅತ್ತಿಗೆಯ ಬೆನ್ನು ಬಿದ್ದೆ.

"ನಿಮ್ಮ ಇಲಿಗಳಿಗೂ ಇದೇ ಕೊಡ್ತೀರಾ?"

"ಇದಕ್ಕೆ ಉಲ್ಟಾದ್ದು" ಎಂದವರು ನಾಲಿಗೆ ಕಚ್ಚಿಕೊಂಡರು. ನಾನು ಬಿಡಲಿಲ್ಲ. ಈ ಹಾರ್ಮೋನಿಗೆ ಅಡ್ಡ ನಿಲ್ಲುವ ಹೊಸ ಔಷಧವೊಂದನ್ನು ಅಲ್ಲಿ ನೋಡುತ್ತಿದ್ದರು. ಹನ್ನೆರಡು ಪಂಜರ, ಒಂದೊಂದರಲ್ಲಿ ಎರಡು ಬಸುರಿ ಇಲಿ. ಬಸಿರಿನ ಹತ್ತನೇ ದಿನ ಒಂದಕ್ಕೆ ಔಷಧ, ಹೋಲಿಸಿ ನೋಡಲು ಇನ್ನೊಂದಕ್ಕೆ ಬರೀ ಎಣ್ಣೆ. ಗುರುತಿಗೆ ಬಾಲದ ಮೇಲೆ ಶಾಯಿ: ಔಷಧದವಕ್ಕೆ ಎರಡು ಗೆರೆ, ಎಣ್ಣೆಯವಕ್ಕೆ ಒಂದು.

"ಔಷಧ ಹೋದವು ಮೂರು ದಿನದೊಳಗೆ ಕಳ್ಕೊಂಡ್ವು ಕಣೇ. ಹನ್ನೊಂದು."

"ಹನ್ನೆರಡನೇದು?"

"ಅದೊಂದು ನಿಂತಿದೆ."

ಆ ಒಂದು ಇಲಿಯ ಮೇಲೆ ನಾನು ನನ್ನ ಜೀವವನ್ನೇ ಇಟ್ಟೆ. ಹಾರ್ಮೋನಿಗೆ ಪೂರಾ ಅಡ್ಡ ಹಾಕಿದರೂ ಅದರದ್ದು ನಿಂತಿದೆ. ನನಗೆ ಸ್ವಲ್ಪ ಕಡಿಮೆ, ಅಷ್ಟೇ ತಾನೇ? ಸಂಜೆ ಅತ್ತಿಗೆ ಚಪ್ಪಲಿ ಬಿಡುವ ಮೊದಲೇ "ಹೇಗಿದೆ?" ಎನ್ನುತ್ತಿದ್ದೆ. "ತೂಕ ಏರ್ತಿದೆ" ಎಂದು ಸ್ನಾನಕ್ಕೆ ಹೋಗಿಬಿಡುತ್ತಿದ್ದರು. "ನಿನಗೆ ಡಾಕ್ಟರು ಸಾಲ್ದು ಅಂತ ಇಲೀನೂ ಬೇಕಾ?" ಎಂದು ಗಂಡ ರೇಗಿಸಿದರೂ ನಾನು ಹಟ ಬಿಡದೆ ಮಗಳ ಹಳೆಯ ಕುಲಾವಿ, ಮೆತ್ತನೆ ಬಟ್ಟೆಗಳನ್ನು ಒಗೆದು ಮಂಚದ ಪಕ್ಕದ ಬುಟ್ಟಿಯಲ್ಲಿ ಜೋಡಿಸಿದೆ.

ಸ್ಕ್ಯಾನಿನ ಹಿಂದಿನ ದಿನ ಅತ್ತಿಗೆ ಸ್ನಾನ ಮಾಡದೆ, ಕೈಚೀಲ ಹಿಡಿದೇ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಒಂದು ಮಾತು ಹೇಳ್ಬೇಕು. ಆ ಇಲಿ ಔಷಧದ್ದಲ್ಲ."

ಇಲಿಗಳು ಬಾಲ ನೆಕ್ಕಿ ಶಾಯಿ ಅಳಿಸಿಕೊಳ್ಳುತ್ತವೆ. ಆಗಾಗ ತಿದ್ದಬೇಕು. ಐದನೇ ಪಂಜರದ ಎರಡರದ್ದೂ ಪೂರಾ ಅಳಿಸಿಹೋಗಿತ್ತು. ಹಾಗಾದಾಗ ಪ್ರಯೋಗ ನಡೆಸುವ ಮೇಡಮ್ಮಿಗೆ ಹೇಳಿ ಎರಡನ್ನೂ ಲೆಕ್ಕದಿಂದ ತೆಗೆಯಬೇಕು. ಅತ್ತಿಗೆ ಹೇಳಲಿಲ್ಲ. ಅವರಿಗೆ ಇಲಿಗಳ ಗುರುತು ಗೆರೆಯಿಂದಲ್ಲ: ಇದು ಮೂಲೆ ಸೇರುವುದು, ಅದು ಕೈ ಮೂಸುವುದು. ನೆನಪಿನಿಂದಲೇ ಗೆರೆ ಎಳೆದರು.

"ಮೂಲೆ ಸೇರಿದ್ದು ಔಷಧದ್ದು ಅಂದ್ಕೊಂಡೆ. ಅವತ್ತು ಎರಡೂ ಮೂಲೇಲೇ ಇದ್ವು. ಮಾರನೇ ದಿನ ಒಂದು ಗೆರೆದು ರಕ್ತ ಬಿಡ್ತು. ಗೆರೆ ಅದಲುಬದಲಾಗಿದೆ ಅಂತ ಆಗಲೇ ಗೊತ್ತಾಯ್ತು."

"ಮತ್ತೆ ಇಷ್ಟು ದಿನ ಯಾಕೆ..."

"ಅಲ್ಲಿ ಹೇಳೋಕೆ ಮುಖ ಇರಲಿಲ್ಲ. ಇಲ್ಲಿ ನಿನ್ನ ಮುಖ ನೋಡಿ ಹೇಳೋಕಾಗಲಿಲ್ಲ. ಇವತ್ತು ಮೇಡಂ ಇನ್ನೊಬ್ಬರ ಹತ್ರ 'ಒಂದು ತಡ್ಕೊಂಡಿದೆ, ಇನ್ನೂ ಜಾಸ್ತಿ ಕೊಟ್ಟು ನೋಡೋಣ' ಅಂತಿದ್ರು. ಅವರಿಗೆ ಹೇಳ್ಬಿಟ್ಟೆ."

ನನಗೆ ಕೆಟ್ಟ ಸಿಟ್ಟು ಬಂತು. "ನಾಳೆ ಸ್ಕ್ಯಾನ್ ಅತ್ತಿಗೆ! ಇನ್ನೊಂದು ದಿನ ಸುಮ್ಮನಿರೋಕಾಗಲಿಲ್ವಾ?"

"ಇಲ್ಲ" ಎಂದರು. ಆಮೇಲೆ ಸ್ನಾನಕ್ಕೆ ಹೋದರು. ನಲ್ಲಿಯ ನೀರು ತುಂಬ ಹೊತ್ತು ಸುರಿಯುತ್ತಲೇ ಇತ್ತು.

ಸ್ಕ್ಯಾನಿನಲ್ಲಿ ಮಗುವಿನ ಎದೆಬಡಿತ ಇರಲಿಲ್ಲ. ಬೆಳವಣಿಗೆ ವಾರದ ಹಿಂದೆಯೇ ನಿಂತಿತ್ತಂತೆ, ಮಾತ್ರೆ ಹಿಡಿದಿಡುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲವಂತೆ. ನಾನು ಬುಟ್ಟಿ ಜೋಡಿಸುವಾಗಲೇ ಅದು ಇರಲಿಲ್ಲ.

ಅತ್ತಿಗೆಯನ್ನು ಇಲಿಗಳ ಕೋಣೆಯಿಂದ ತೆಗೆದು ಕೆಳಗಡೆ ಸೀಸೆ ತೊಳೆಯಲು ಹಾಕಿದರು. ಪ್ರಯೋಗವನ್ನು ಮೊದಲಿಂದ ಮಾಡುತ್ತಾರೆ. "ನನ್ನ ಸೊಕ್ಕಿಗೆ ಇನ್ನೂ ಇಪ್ಪತ್ನಾಲ್ಕು ಇಲಿ" ಎಂದರು, ತಟ್ಟೆಯಿಂದ ತಲೆ ಎತ್ತದೆ.

ಆಸ್ಪತ್ರೆಯಿಂದ ನಾನು ಬಂದ ದಿನ ಗಂಡ ಬುಟ್ಟಿ ಎತ್ತಿ ಅಟ್ಟಕ್ಕೆ ಹಾಕಲು ಹೊರಟಿದ್ದರು. ಅತ್ತಿಗೆ ತಡೆದರು.

"ಅಲ್ಲೇ ಇಡೋ."

"ಕಣ್ಣಿಗೆ ಬೀಳ್ತಿದ್ರೆ ಸಂಕಟ ಅಲ್ವೇನಕ್ಕಾ?"

"ಕಳ್ಕೊಂಡ ಇಲಿನೂ ಕಾಗದ ಹರಿದು ಗೂಡು ಕಟ್ತಾನೇ ಇರುತ್ತೆ ಕಣೋ. ನಾನು ಎರಡು ದಿನ ಪಂಜರ ತೊಳೀತಿರಲಿಲ್ಲ. ಅದಾಗೇ ಬಿಡೋವರೆಗೂ ಗೂಡು ಕೀಳಬಾರದು."

ಅವತ್ತು ಅವರ ಮೇಲೆ ನನಗೆ ಸಿಟ್ಟು ಹೋಗಿರಲಿಲ್ಲ. ಇವತ್ತೂ ಪೂರಾ ಹೋಗಿಲ್ಲ. ಬುಟ್ಟಿ ಅಲ್ಲೇ ಇದೆ. ಬಟ್ಟೆಗಳನ್ನು ಬಿಚ್ಚುತ್ತೇನೆ, ಮತ್ತೆ ಮಡಿಸಿಡುತ್ತೇನೆ. ಅತ್ತಿಗೆ ಸ್ನಾನ ಮುಗಿಸಿ ಬಂದು ನೋಡುತ್ತಾರೆ. ಬುಟ್ಟಿಗೆ ಕೈ ಹಾಕುವುದಿಲ್ಲ.