ನಿರ್ಮಲಮ್ಮನ ಹವಳ, ಮುರುಗೇಶಪ್ಪನವರ ಕಳೆ

ಸೂಳೆಕೆರೆಯಂಥ ಕೆರೆ ಇರುವ ತಾಲ್ಲೂಕಿನಲ್ಲಿ ಬಕೆಟ್ ನೀರಿಗೆ ಉಪ್ಪು ಕಲಸಿ ಸಮುದ್ರದ ಮೀನು ಸಾಕುವ ಮನುಷ್ಯ ಎಂದರೆ ಚನ್ನಗಿರಿಯ ಅಡಿಕೆ ವ್ಯಾಪಾರಿ ಮುರುಗೇಶಪ್ಪ ಒಬ್ಬರೇ. ಕೆರೆಬಿಳಚಿಯಿಂದ ಅಡಿಕೆ ಸ್ಯಾಂಪಲ್ ಹಿಡಿದು ಬಂದವರು ಹಾಲ್‌ನಲ್ಲಿದ್ದ ಗಾಜಿನ ತೊಟ್ಟಿಯ ಮುಂದೆ ನಿಂತು, "ಇವು ಸಾರಿಗೆ ಯಾವಾಗ ಬರ್ತಾವ್ರೀ?" ಎಂದು ಕೇಳುವರು. ಮೊಟ್ಟೆಯನ್ನೂ ಮುಟ್ಟದ ಮುರುಗೇಶಪ್ಪ ಆ ಮಾತು ಕೇಳಿಸದವರಂತೆ ಅಡಿಕೆಯನ್ನೇ ಮೂಸುವರು.

ಹೋದ ವರ್ಷ, ಮದುವೆಯಾದ ದಿನದ ನೆನಪಿಗೆ ಹೆಂಡತಿ ನಿರ್ಮಲಮ್ಮನಿಗೆ ಹವಳ ತರುತ್ತೇನೆಂದು ಅವರು ದಾವಣಗೆರೆಗೆ ಹೋದರು. ಸಂಜೆ ನೀರು ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಒಳಗೊಂದು ಕಲ್ಲು, ಕಲ್ಲಿನ ಮೇಲೆ ಹಸಿರು ಗುಂಡಿಗಳಂತೆ ಅರಳಿದ ಜೀವಂತ ಹವಳ.

ನಿರ್ಮಲಮ್ಮ ಕೊರಳು ಮುಟ್ಟಿಕೊಂಡರು. "ಇದನ್ನ ಹೆಂಗ್ರೀ ಹಾಕ್ಕೊಳ್ಳೋದು?"

"ಹಾಕ್ಕೊಳ್ಳೋದಲ್ಲ ಕಣೇ, ನೋಡೋದು. ಜೀವ ಐತೆ, ಬೆಳೀತೈತೆ. ಸರಾಫರ ಅಂಗಡೀದು ಬೆಳೀತೈತಾ?"

"ಆತು. ಇದು ಬದುಕಿರೋ ತನಕ ನಾನು ಬಾಯಿ ಬಿಡಲ್ಲ. ಸತ್ತ ದಿನ ಸರಾಫರ ಅಂಗಡಿಗೆ ಹೋಗೋದು. ಈ ತೊಟ್ಟಿ ಹಿತ್ತಲಿಗೆ. ಎಮ್ಮೆ ನೀರು ಕುಡೀಲಿ."

ಹಾಗೆಂದವರೇ ಮರುದಿನದಿಂದ ಬಾಗಿಲಿಗೆ ನೀರು ಹಾಕುವ ಮೊದಲು ಹವಳ ಅರಳಿದೆಯೇ ಎಂದು ನೋಡತೊಡಗಿದರು. ಮುರುಗೇಶಪ್ಪ ಅದನ್ನು ಕಂಡೂ ಕಾಣದಂತಿದ್ದರು. ಸಂಸಾರದಲ್ಲಿ ಅವರಿಗೆ ತಿಳಿದಿದ್ದ ಜಾಣತನ ಅದೊಂದೇ.

ಕಲ್ಲಿನ ಸಂದಿಯಲ್ಲಿ ಟಿಕೆಟ್ಟಿಲ್ಲದೆ ಇನ್ನೊಂದು ಜೀವಿಯೂ ಬಂದಿತ್ತು. ಕಂದು ಬಣ್ಣದ ಕಾಂಡ, ತುದಿಯಲ್ಲಿ ಎಳೆಎಳೆಯಾದ ಹೂವು. ಅನಿಮೋನ್ ಎಂಬ ಸಮುದ್ರಜೀವಿ ಎಂದು ಫೋನಿನಲ್ಲಿ ಓದಿ ತಿಳಿದ ಮುರುಗೇಶಪ್ಪ, ಪುಕ್ಕಟೆ ಸಿಕ್ಕ ಖುಷಿಗೆ ಬಂದವರಿಗೆಲ್ಲ ತೋರಿಸಿದರು. ಅದೊಂದು ಉಪದ್ರವದ ಜಾತಿ ಎಂದು ಅದೇ ಪುಟದ ಕೆಳಗೆ ಬರೆದಿತ್ತು. ಅಲ್ಲಿಯವರೆಗೆ ಅವರು ಓದಲಿಲ್ಲ.

ಕೆಲವೇ ವಾರಗಳಲ್ಲಿ ಒಂದು ಹೂವು ಗುಂಪಾಯಿತು. ಅದರ ಎಳೆ ತಾಗಿದ ಕಡೆಯೆಲ್ಲ ಹವಳ ಮುದುರಿಕೊಂಡಿತು. ಬೆಳಿಗ್ಗೆ ನೋಡಿದ ನಿರ್ಮಲಮ್ಮ ಹಿತ್ತಲಿಗೆ ಹೋಗಿ ಎಮ್ಮೆಯ ಪಕ್ಕದ ಜಾಗವನ್ನು ಗುಡಿಸಿ ಬಂದರು.

ಆ ದಿನವೇ ಜಗಳೂರು ಕಡೆಯ ಸೊಕ್ಕೆಯಿಂದ ಮುರುಗೇಶಪ್ಪನವರ ಹಳೆಯ ಗೆಳೆಯ ಹನುಮಣ್ಣ ಬಂದಿದ್ದರು. ಜನ್ಮವೆಲ್ಲ ಹೊಲದಲ್ಲಿ ಕಳೆ ತೆಗೆದವರು. ತೊಟ್ಟಿಗೆ ಮುಖವಿಟ್ಟು ನೋಡಿ, "ಕಳೆ ಕಣಣ್ಣ ಇದು. ಕೊಯ್ದು ಒಗಿ, ಅದ್ರಾಗೇನೈತೆ?" ಎಂದರು.

ಮುರುಗೇಶಪ್ಪ ಹೆಂಡತಿಯ ಎಲೆ ತಟ್ಟೆಯಿಂದ ಅಡಕತ್ತರಿ ತಂದು, ತೋಳು ಮೇಲೇರಿಸಿ, ಒಂದೊಂದು ಹೂವನ್ನೂ ಸಣ್ಣಗೆ, ಚೊಕ್ಕವಾಗಿ ಕತ್ತರಿಸಿದರು. ಅಡಿಕೆ ವ್ಯಾಪಾರಿಗೆ ದಪ್ಪ ಹೋಳು ಮಾಡಿದರೆ ಮರ್ಯಾದೆಯಲ್ಲ. ತೊಟ್ಟಿಯ ನೀರು ತಿರುಗಿಸುವ ಪಂಪು ಆ ಚೂರುಗಳನ್ನು ತೊಟ್ಟಿಯ ಮೂಲೆಮೂಲೆಗೂ ತಲುಪಿಸಿತು. ಅಡಕತ್ತರಿಗೆ ತುಕ್ಕು ಹಿಡಿಯಿತು. ತಿಂಗಳಾಗುವಷ್ಟರಲ್ಲಿ ಒಂದೊಂದು ಚೂರೂ ಹೂವಾಯಿತು. ಹವಳದ ಒಂದೇ ಒಂದು ಅಂಚು ಮಾತ್ರ ಇನ್ನೂ ಹಸಿರಾಗಿತ್ತು.

ಕೊನೆಗೆ ಹವಳ ಮಾರಿದ ವಿನಯ್ ಕುಮಾರ್‌ಗೆ ಫೋನ್ ಹೋಯಿತು.

"ಕೊಯ್ದ್ರಾ?" ಎಂದಿತು ಆ ಕಡೆಯ ಧ್ವನಿ. "ಬಿತ್ತನೆ ಮಾಡಿದಂಗಾತಲ್ಲ ಸರ್. ಪಂಪು ನಿಲ್ಸಿ, ಸುಣ್ಣ ಗಟ್ಟಿಗೆ ಕಲಸಿ ಸಿರಿಂಜಿಗೆ ತುಂಬಿ ಆ ಹೂವಿನ ಬಾಯಿಗೆ ಇಡ್ರಿ. ದಿನಕ್ಕೆ ಎರಡೋ ಮೂರೋ ಹೂವು ಸಾಕು. ಜಾಸ್ತಿ ಆದ್ರೆ ಮೀನು ಸಾಯ್ತಾವೆ."

ಸುಣ್ಣ ಎಂದ ಕೂಡಲೇ ಮುರುಗೇಶಪ್ಪನವರಿಗೆ ಧೈರ್ಯ ಬಂತು. ವ್ಯಾಪಾರದ ಜೊತೆ ಅಡಿಕೆ ತೋಟವೂ ಇದ್ದವರಿಗೆ ಸುಣ್ಣ ಗೊತ್ತಿಲ್ಲವೇ? ಹೆಂಡತಿಯ ಸುಣ್ಣದ ಡಬ್ಬಿ ತೆಗೆದುಕೊಂಡರು. ಕೊಟ್ಟಿಗೆಯ ಅಟ್ಟದಿಂದ, ಅಡಿಕೆ ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆದು ಉಳಿದಿದ್ದ ಮೈಲುತುತ್ತವನ್ನೂ ಇಳಿಸಿದರು. ಎರಡನ್ನೂ ಬಟ್ಟಲಲ್ಲಿ ಕಲಸಿದಾಗ ಚೆಂದದ ನೀಲಿ ಬಣ್ಣ ಬಂತು.

ಊಟ ಮುಗಿಸಿ ಎಲೆ ಹಾಕಲು ಕೂತ ನಿರ್ಮಲಮ್ಮ ಡಬ್ಬಿ ಹುಡುಕುತ್ತ ಹಾಲ್‌ಗೆ ಬಂದರು.

"ರೀ, ಇದೇನು ನೀಲಿ? ತುತ್ತ ಹಾಕಿದೀರಾ?"

"ಔಷಧಿ ಕಣೇ."

"ಅವ್ನು ತುತ್ತ ಅಂದ್ನಾ?"

"ಸುಣ್ಣ ಅಂದ. ಸುಣ್ಣ ಅಂದ್ಮೇಲೆ ತುತ್ತ ಬಾಯಿ ಬಿಟ್ಟು ಹೇಳ್ಬೇಕಾ?"

"ನಾನು ದಿನಾ ಎಲೆಗೆ ಹಚ್ಕೊಂಡು ತಿಂತೀನಲ್ಲ, ಅದ್ರಾಗೆ ತುತ್ತ ಐತೇನ್ರೀ?"

ಮುರುಗೇಶಪ್ಪ ಮತ್ತೆ ಫೋನ್ ಮಾಡಿ ತುತ್ತ ಕಲಸಿದ್ದನ್ನು ಹೇಳಿದರು.

"ತೊಟ್ಟಿಗೆ ಹಾಕಿದ್ರಾ ಸರ್?" ವಿನಯ್ ಕುಮಾರ್ ಧ್ವನಿ ಏರಿತು.

"ಇನ್ನೂ ಇಲ್ಲ."

"ಹಾಕಿದ್ರೆ ಮೊದಲು ಸಾಯೋದೇ ಹವಳ. ಯಾರು ತಡೆದ್ರೋ ಅವರಿಗೆ ನಮಸ್ಕಾರ ಹೇಳ್ರಿ."

ಮುರುಗೇಶಪ್ಪ ನಮಸ್ಕಾರ ಹೇಳಿದರು. ನಿರ್ಮಲಮ್ಮ ನೀಲಿ ಬಟ್ಟಲನ್ನು ತೆಂಗಿನ ಬುಡದ ಆಚೆ ಇಡಿಸಿ, ಹೊಸ ಸುಣ್ಣ ಕಲಸಿ, "ಆ ಪಂಪು ಆರಿಸ್ರಿ," ಎಂದು ಸಿರಿಂಜನ್ನು ತಾವೇ ತೆಗೆದುಕೊಂಡರು. ಗಂಡನ ಕೈಗೆ ಹವಳ ಕೊಡುವ ಧೈರ್ಯ ಅವರಿಗಿರಲಿಲ್ಲ. ಸಾಸಿವೆಯಷ್ಟು ಸುಣ್ಣವನ್ನು ಒಂದು ಹೂವಿನ ಬಾಯಿಗಿಟ್ಟರು. ಅದು ನುಂಗಿತು, ಮುದುರಿತು, ಕರಗಿತು.

ಅಂದಿನಿಂದ ಮಧ್ಯಾಹ್ನ ಎಲೆಗೊಂದಿಷ್ಟು, ಹೂವಿಗೊಂದಿಷ್ಟು. ಮುರುಗೇಶಪ್ಪನವರ ಕೆಲಸ ಪಂಪು ಆರಿಸುವುದು, ಮತ್ತೆ ಹಾಕುವುದು.

ಹನುಮಣ್ಣ ಮತ್ತೆ ಬಂದಾಗ ತೊಟ್ಟಿಯಲ್ಲಿ ಕಳೆ ಕಾಣುತ್ತಿರಲಿಲ್ಲ. "ಆ ಹೂವೆಲ್ಲ ಎಲ್ಲಿಗೆ ಹೋದ್ವು ಅಕ್ಕಾರೆ?"

"ಕರೀದೆ ಬಂದಿದ್ವು ಹನುಮಣ್ಣಾರೆ. ನಿಮ್ಮ ಗೆಳೆಯ ಅಡಕತ್ತರಿ ಹಿಡಿದು ಇನ್ನಷ್ಟು ದಿನ ಇರಿಸ್ಕೊಂಡ್ರು. ನಾನು ಸುಣ್ಣ ಕೊಟ್ಟು ಕಳಿಸ್ದೆ."

ಹಸಿರಾಗಿ ಉಳಿದಿದ್ದ ಅಂಚಿನಿಂದ ಹೊಸ ಗುಂಡಿಯೊಂದು ಒಡೆದಿದೆ. ಪಂಪಿನ ಹಿಂದೆ ಕಂದು ಬಣ್ಣದ ಎಳೆಯೊಂದು ಇಣುಕುತ್ತಿರುವುದನ್ನು ಮುರುಗೇಶಪ್ಪ ನೋಡಿದ್ದಾರೆ. ಊಟವಾದ ಮೇಲೆ ಹೇಳೋಣ ಎಂದುಕೊಂಡಿದ್ದಾರೆ. ಎಮ್ಮೆ ಸದ್ಯಕ್ಕೆ ಹಳೆಯ ಬಾನಿಯಲ್ಲೇ ನೀರು ಕುಡಿಯುತ್ತಿದೆ.