ಮೇಲಕ್ಕೆ ಹೋದ ಅವ್ವ

ಅವ್ವನ ಸೊಂಟ ಏರಿಯೇ ನಾನು ಶಾಲೆಗೆ ಹೋಗುತ್ತಿದ್ದ ಕಾಲವದು. ಹುಟ್ಟಿದಾಗಿನಿಂದ ನನ್ನ ಎಡಗಾಲಿಗೆ ಬಲವಿಲ್ಲ. ಆದರೂ ಸಿದ್ದಾಪುರದ ನಮ್ಮ ಓಣಿಯಲ್ಲಿ ಕುಂಟೆಬಿಲ್ಲೆ ಆಟಕ್ಕೆ ನಾನೇ ಯಜಮಾನಿ. "ನೀವು ಕುಂಟೋದು ಕಲೀಬೇಕು, ನಾನು ಹುಟ್ಟಾ ಕುಂಟಿ" ಎಂದು ಜಂಬ ಕೊಚ್ಚುತ್ತಿದ್ದೆ. ಸೀತಾಫಲದ ಕಾಲ ಬಂತೆಂದರೆ ಅವ್ವ ಬೆಳಗಾಗುತ್ತಲೇ ಗುಡ್ಡ ಹತ್ತಿ ಬುಟ್ಟಿ ತುಂಬ ಕಾಯಿ ತರುತ್ತಿದ್ದಳು. ಹುಲ್ಲಿನಲ್ಲಿ ಮುಚ್ಚಿಟ್ಟ ಹಣ್ಣಿನ ವಾಸನೆ ಮನೆಯೆಲ್ಲ ತುಂಬಿರುತ್ತಿತ್ತು.

ಅಂಥದ್ದೊಂದು ಬೆಳಗ್ಗೆ, ಅಂಗವಿಕಲ ಮಕ್ಕಳಿಗೆ ನೆರವಾಗುವ ಸಂಸ್ಥೆಯ ಮೇಡಂ ಬಂದರು. ಮನೆಯಲ್ಲಿ ನಾನೊಬ್ಬಳೇ.

"ಅಮ್ಮ ಎಲ್ಲಿ ಪುಟ್ಟಿ?"

"ಮೇಲಕ್ಕೆ ಹೋದ್ಲು" ಎಂದು ಗುಡ್ಡದ ಕಡೆ ಕೈ ಎತ್ತಿದೆ.

ಗುಡ್ಡಕ್ಕೆ ಹೋಗುವುದನ್ನು ನಮ್ಮ ಮನೆಯಲ್ಲಿ ಹಾಗೇ ಹೇಳುತ್ತಿದ್ದುದು. ಅವರು ಆಕಾಶ ನೋಡಿದರು, ನನ್ನ ತಲೆ ಸವರಿದರು, ಕಾಲಿನ ಅಳತೆ, ಫೋಟೋ ತೆಗೆದು ಏನೋ ಬರೆದುಕೊಂಡು ಹೋದರು. ಇನ್ನೊಂದು ಸಲ ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ತಿಂಗಳೊಪ್ಪತ್ತಿನಲ್ಲಿ ಕಾಲಿಗೆ ಕಟ್ಟುವ ಕಬ್ಬಿಣದ ಕಂಬಿ, ಬೂಟು ಬಂದವು. ನಾನು ನಿಂತೆ, ನಡೆದೆ. ಹಿಂದೆಯೇ ಅವರ ಪುಸ್ತಕವೂ ಬಂತು. ಅದರಲ್ಲಿ ನನ್ನ ಫೋಟೋ, ಕೆಳಗೆ ಬರಹ: ತಾಯಿ ತೀರಿಕೊಂಡಳು, ಮನೆಯವರು ಮೂಲೆಗೆ ತಳ್ಳಿದರು, ನಾವು ಎತ್ತಿ ನಿಲ್ಲಿಸಿದೆವು. ಅಪ್ಪ ಓದಿದ್ದು ಕೇಳಿ ಅವ್ವ ಬಿದ್ದು ಬಿದ್ದು ನಕ್ಕಳು. "ನನ್ ತಿಥಿಗೆ ಏನ್ ಅಡಿಗೆ ಮಾಡಿದ್ರಂತೆ?"

ಮೇಡಂ ದಾನಿಗಳನ್ನು ಕರೆದುಕೊಂಡು ನನ್ನನ್ನು ನೋಡಲು ಬರುತ್ತಾರೆಂದು ತಿಳಿದಾಗ ನಗು ನಿಂತಿತು. "ಸುಳ್ಳು ಹೇಳಿ ತಗಂಡ್ರು ಅಂತ ಕಂಬಿ ಬಿಚ್ಕಂಡು ಹೋದ್ರೆ?" ಅಂದಳು ಅಜ್ಜಿ.

"ಒಂದ್ ಗಳಿಗೆ ಸತ್ತಿರ್ತೀನಿ ಬಿಡ್ರಿ ಅತ್ತೆ, ಮಗಳು ನಡೀಲಿ" ಎಂದು ಅವ್ವ ಒಳಕೋಣೆ ಸೇರಿ ಕದ ಎಳೆದುಕೊಂಡಳು.

ಅವರು ಬಂದಾಗ ದೀಪ ಹಚ್ಚುವ ಹೊತ್ತು. ನಾವು ಹಾಕಿದ ಸೇವಂತಿಗೆ ಹಾರವನ್ನು ಮೇಡಂ ತಮ್ಮ ಕೊರಳಿಂದ ತೆಗೆದು ಗೋಡೆಯ ಮೇಲಿದ್ದ ಅವ್ವನ ಫೋಟೋಗೆ ಹಾಕಿದರು. ಅಪ್ಪ ನೆಲ ನೋಡುತ್ತ ನಿಂತ. ಹಾರದೊಳಗಿನ ಅವ್ವ ಬೇರೆ ಯಾರೋ ಆಗಿಬಿಟ್ಟಿದ್ದಳು.

ಮೇಡಂ ಮೊಬೈಲು ಹಿಡಿದು, "ಅಮ್ಮನನ್ನ ಕರಿ ಪುಟ್ಟಿ, ಮೇಲಿಂದ ನೋಡ್ತಿರ್ತಾರೆ" ಎಂದರು.

ಫೋಟೋ ನೋಡಿ "ಅವ್ವಾ" ಎಂದೆ.

ಕದದ ಹಿಂದೆ "ಓ" ಎಂದು ಎದ್ದ ದನಿ ಅರ್ಧಕ್ಕೇ ತುಂಡಾಯಿತು. ಬಳೆ ಸದ್ದಾಯಿತು. ಅಜ್ಜಿ ಜೋರಾಗಿ ಕೆಮ್ಮಿದಳು.

"ಒಳಗೆ ಯಾರಿದ್ದಾರೆ?"

"ಯಾರೂ ಇಲ್ಲ" ಎಂದೆ. ಅದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಂಬಿಯ ಆಸೆಗೆ ನಾನೇ ಅಂದದ್ದು.

ಅವರ ಕಾರು ಹೋದ ಮೇಲೆ ಕದದ ಮುಂದೆ ನಿಂತು "ಅವ್ವಾ" ಎಂದೆ. ಸದ್ದಿಲ್ಲ. ಇನ್ನೊಮ್ಮೆ ಕರೆದೆ. ಉಸಿರು ಕೇಳಿಸುತ್ತಿತ್ತು, ಓಗೊಡಲಿಲ್ಲ. ಮೂರನೇ ಸಲ ಅಳುತ್ತ ಕೂಗಿದಾಗಲೇ "ಓ" ಅಂದಳು. ಮುಸ್ಸಂಜೆಯಲ್ಲಿ ಯಾರೇ ಕರೆಯಲಿ, ಮೊದಲ ಕೂಗಿಗೆ ಓಗೊಡಬಾರದು ಎನ್ನುತ್ತಾರೆ ನಮ್ಮಲ್ಲಿ. ದೆವ್ವಕ್ಕೆ ಮೂರು ಸಲ ಕರೆಯಲು ಬರುವುದಿಲ್ಲವಂತೆ.

ಈಗ ಚಳ್ಳಕೆರೆಯಲ್ಲಿ ಕೆಲಸಕ್ಕೆ ನಡೆದೇ ಹೋಗುತ್ತೇನೆ. ಅವ್ವ ಗಟ್ಟಿಮುಟ್ಟಾಗಿದ್ದಾಳೆ, ಜಗಳಕ್ಕೂ ಕಡಿಮೆಯಿಲ್ಲ. ಕಾಲು ಬಂತು, ಕರೆದ ಕೂಡಲೇ ಓಗೊಡುತ್ತಿದ್ದ ಅವ್ವ ಹೋದಳು. ಕೇಳಿದರೆ "ಕಿವಿ ಮಂದ ಕಣೇ" ಅನ್ನುತ್ತಾಳೆ. ಅಪ್ಪ ಕರೆದರೆ ಮೊದಲ ಕೂಗಿಗೇ ಎದ್ದು ಬರುತ್ತಾಳೆ. ನಾನು ಮಾತ್ರ ಹಾಡುಹಗಲಲ್ಲೂ ಮೂರು ಸಲ ಕೂಗಬೇಕು.